ಮಾತಾಡುವಷ್ಟು ಉಸಿರು

ನನಗೂ ನನ್ನ ಷಡ್ಡಕನಿಗೂ ಆರು ವರ್ಷ ಮಾತಿರಲಿಲ್ಲ. ಅವರು ನನ್ನ ಹೆಂಡತಿಯ ಅಕ್ಕನ ಗಂಡ. ಇಬ್ಬರ ಮನೆಯೂ ಅಜ್ಜಂಪುರದಲ್ಲೇ, ನಡುವೆ ಎರಡು ಬೀದಿ. ಅಕ್ಕತಂಗಿಯರು ದಿನಾ ಸಾರು, ಪಲ್ಯ ಅಂತ ಓಡಾಡಿಕೊಂಡಿದ್ದರು. ಗಂಡಂದಿರು ಮಾತ್ರ ಎದುರಿಗೆ ಸಿಕ್ಕರೆ ಒಬ್ಬರು ಆಕಾಶ ನೋಡುವುದು, ಇನ್ನೊಬ್ಬರು ಚಪ್ಪಲಿ ನೋಡುವುದು.

ತಪ್ಪು ನನ್ನದೇ. ಈಗ ಸಲೀಸಾಗಿ ಬರೆಯುತ್ತಿದ್ದೇನೆ, ಆಗ ಒಪ್ಪಿರಲಿಲ್ಲ. ಅವರ ಮಗನಿಗೆ ತರೀಕೆರೆ ಕಡೆಯ ಒಂದು ಸಂಬಂಧ ಕೂಡಿಬರುವುದರಲ್ಲಿತ್ತು. ಹೆಣ್ಣಿನ ಕಡೆಯವರು ವಿಚಾರಿಸಲು ನಾನಿದ್ದ ಪ್ರಾಥಮಿಕ ಶಾಲೆಗೇ ಬಂದರು. ಮೇಷ್ಟರು ಸುಳ್ಳು ಹೇಳುವುದಿಲ್ಲ ಅಂತ ಅವರ ನಂಬಿಕೆ. ಟೀ ಕುಡಿಸಿ, ಹುಡುಗ ಚಿನ್ನದಂಥವನು, ಸಿಟ್ಟು ಮಾತ್ರ ಸ್ವಲ್ಪ ಜಾಸ್ತಿ, ಥೇಟ್ ಅಪ್ಪನ ಹಾಗೆ ಅಂದುಬಿಟ್ಟೆ. ಬಂದವರು ನಕ್ಕರು, ನಾನೂ ನಕ್ಕೆ. ಆ ಸಂಬಂಧ ಅಲ್ಲಿಗೇ ಮುರಿಯಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬ ಗಾದೆಯನ್ನು ವರ್ಷಾವರ್ಷ ಮಕ್ಕಳಿಂದ ವಿಸ್ತರಿಸಿ ಬರೆಸುತ್ತಿದ್ದವನೂ ನಾನೇ.

ಮರುವರ್ಷ ಹುಡುಗನಿಗೆ ಬೇರೆ ಕಡೆ ಗೊತ್ತಾಗಿ ಕಡೂರಿನ ಒಂದು ಛತ್ರದಲ್ಲಿ ಮದುವೆಯಾಯಿತು. ಕರೆಯೋಲೆ ಹಿಡಿದು ಅತ್ತಿಗೆ ಒಬ್ಬರೇ ಬಂದಿದ್ದರು. ಮನೆಯ ಯಜಮಾನನೇ ಬಂದು ಕರೆಯಲಿಲ್ಲ ಎಂಬ ನೆವ ಹಿಡಿದು ನಾನು ಹೋಗಲಿಲ್ಲ. ಅವತ್ತು ಇಡೀ ದಿನ ಮನೆಯಲ್ಲಿ ಒಬ್ಬನೇ ಕೂತು, ನಾನು ಹೇಳಿದ್ದು ನಿಜವೇ ತಾನೇ ಅಂತ ಗೋಡೆಯ ಮುಂದೆ ವಾದ ಮಾಡಿದೆ. ಗೋಡೆ ಎದುರು ಹೇಳಲಿಲ್ಲ.

ಕಳೆದ ವರ್ಷ ಒಂದೇ ತಿಂಗಳಲ್ಲಿ ಇಬ್ಬರಿಗೂ ಸಕ್ಕರೆ ಕಾಯಿಲೆ ಇದೆಯೆಂದು ಗೊತ್ತಾಯಿತು. ಅಕ್ಕತಂಗಿಯರು ಇಬ್ಬರ ರಿಪೋರ್ಟನ್ನೂ ಒಂದೇ ಚೀಲದಲ್ಲಿ ಹಾಕಿಕೊಂಡು ಡಾಕ್ಟರಮ್ಮನ ಹತ್ತಿರ ಹೋದರು. ಆಕೆ ಚಿಕ್ಕ ವಯಸ್ಸಿನವರು, ತಾವೂ ಓಡುವವರು. ಬರೀ ವಾಕಿಂಗ್ ಅಂದರೆ ಹದಿನೈದು ದಿನಕ್ಕೆ ಬಿಟ್ಟುಬಿಡುತ್ತಾರೆ, ಚಳಿಗಾಲದಲ್ಲಿ ಶಿವಮೊಗ್ಗದಲ್ಲಿ ಹತ್ತು ಕಿಲೋಮೀಟರ್ ಓಟ ಇದೆ, ಅದಕ್ಕೆ ಹೆಸರು ಕೊಟ್ಟು ಇಬ್ಬರೂ ಜೊತೆಯಲ್ಲಿ ತಯಾರಾಗಲಿ ಅಂದರಂತೆ. ಒಂದು ನಿಯಮವನ್ನೂ ಹೇಳಿ ಕಳಿಸಿದ್ದರು: ಓಡುವಾಗ ಪಕ್ಕದವರ ಹತ್ತಿರ ಮಾತಾಡುವಷ್ಟು ಉಸಿರು ಉಳಿದಿರಬೇಕು. ಮಾತು ನಿಂತರೆ ವೇಗ ಹೆಚ್ಚಾಯಿತೆಂದು ಅರ್ಥ. ಇಡೀ ಊರಿನಲ್ಲಿ ಈ ನಿಯಮ ಕೊಡಬಾರದಾಗಿದ್ದ ಇಬ್ಬರು ಗಂಡಸರಿದ್ದರೆ ಅದು ನಾವೇ.

ಮೊದಲ ದಿನ ಬೆಳಗ್ಗೆ ಶಿವನಿ ರಸ್ತೆಯಲ್ಲಿ ಅಕ್ಕಪಕ್ಕ ನಿಂತೆವು. ಹೆಂಡತಿಯರು ಬೀದಿ ತುದಿಯಲ್ಲಿ ಕಾವಲು ಕಾಯುತ್ತಿದ್ದರು. ಷಡ್ಡಕ ರೈಲ್ವೆಯಲ್ಲಿ ಕೀಮ್ಯಾನ್ ಆಗಿ ಸುತ್ತಿಗೆ, ಸ್ಪ್ಯಾನರ್ ಹೊತ್ತು ದಿನಾ ಹಳಿ ಪರೀಕ್ಷಿಸುತ್ತಾ ಮೈಲಿಗಟ್ಟಲೆ ನಡೆದು ನಿವೃತ್ತರಾದವರು. ನಾನು ಕುರ್ಚಿಯಿಂದ ಕಪ್ಪು ಹಲಗೆಗೆ ನಡೆದವನು. ನೂರು ಹೆಜ್ಜೆಗೇ ನನಗೆ ಏದುಸಿರು. ಮಾತಾಡಬೇಕಲ್ಲ, ಯಾರ ಹತ್ತಿರ? ಹನ್ನೆರಡರ ಮಗ್ಗಿ ಶುರು ಮಾಡಿದೆ. ಅವರು ಆಚೆ ಹೊಲದ ಕಡೆ ಮುಖ ತಿರುಗಿಸಿ ತಮ್ಮ ಲೈನಿನ ಸ್ಟೇಷನ್ನುಗಳನ್ನು ಹೇಳಲು ಹಿಡಿದರು: ಅರಸೀಕೆರೆ, ಬಾಣಾವರ, ದೇವನೂರು, ಕಡೂರು, ಬೀರೂರು, ಅಜ್ಜಂಪುರ, ಶಿವನಿ. ಮುಗಿದರೆ ಮತ್ತೆ ಅರಸೀಕೆರೆ. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ.

ಐದು ತಿಂಗಳು ಹೀಗೇ ನಡೆಯಿತು. ನಮ್ಮ ಕಡೆ ವಯಸ್ಸಾದವರು ಓಡಿದರೆ ಯಾರಿಗೋ ಏನೋ ಆಗಿದೆ ಅಂತಲೇ ಲೆಕ್ಕ. ಬೈಕಿನವರು ನಿಲ್ಲಿಸಿ, ಯಾರಿಗೆ ಏನಾಯಿತು ಅಂತ ಕೇಳಿ, ಹತ್ತಿಸಿಕೊಳ್ಳಲು ನೋಡುವರು. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಹಾಲಿನ ಕ್ಯಾನು ಪಕ್ಕಕ್ಕೆ ಸರಿಸಿ ಇಬ್ಬರಿಗೂ ಜಾಗ ಮಾಡಿದ. ಅವನು ಹೋದ ಮೇಲೆ ಇಬ್ಬರಿಗೂ ನಗು ಬಂತು. ಬೇರೆ ಬೇರೆ ದಿಕ್ಕಿಗೆ ತಿರುಗಿ ನಕ್ಕೆವು.

ಒಂದು ದಿನ ನಾನು ಹದಿನೇಳೆಂಟಲ ನೂರ ಇಪ್ಪತ್ತಾರು ಅಂದೆ. "ನೂರ ಮೂವತ್ತಾರು," ಅಂದಿತು ಪಕ್ಕದ ದನಿ, ಕರೆಂಟು ಕಂಬಕ್ಕೆ ಹೇಳುವಂತೆ. ಆರು ವರ್ಷದಲ್ಲಿ ಅವರ ಬಾಯಿಂದ ನನಗಾಗಿ ಬಂದ ಮೊದಲ ಮಾತು ಅದು. ಮನೆಗೆ ಬಂದು ಸ್ನಾನಕ್ಕೆ ನಿಂತಾಗ ಕಣ್ಣು ತುಂಬಿತು. ಮೂವತ್ತು ವರ್ಷ ಬಾಯಿಯಿಂದಲೇ ಬದುಕಿದವನಿಗೆ ತಪ್ಪಾಯ್ತು ಅನ್ನುವ ಒಂದು ಮಾತು ಏಕೆ ಬರುತ್ತಿಲ್ಲ ಅಂತ ನನ್ನ ಮೇಲೇ ಬೇಸರವಾಯಿತು. ಓಟದ ದಿನ ಮುಗಿಯುವುದರೊಳಗೆ ಹೇಳಿಬಿಡಬೇಕು, ಆಮೇಲೆ ಜೊತೆಗೆ ಓಡಲು ನೆವವೂ ಇರುವುದಿಲ್ಲ ಅಂತ ನಿಶ್ಚಯ ಮಾಡಿಕೊಂಡೆ.

ಓಟದ ಹಿಂದಿನ ದಿನ ತರೀಕೆರೆಯಲ್ಲಿ ಬಸ್ಸು ಬದಲಾಯಿಸಿದೆವು. ಕಂಡಕ್ಟರ್ ಬಂದಾಗ ಇಬ್ಬರೂ ಒಟ್ಟಿಗೇ "ಎರಡು ಶಿವಮೊಗ್ಗ" ಅಂದೆವು. ಆತ ನಮ್ಮಿಬ್ಬರ ಮುಖವನ್ನೂ ನೋಡಿ, ನೀವು ಮೊದಲು ತೀರ್ಮಾನ ಮಾಡಿಕೊಳ್ಳಿ ಅಂತ ಮುಂದಿನ ಸೀಟಿಗೆ ಹೋದ. ಅಲ್ಲೇ ಹೇಳಬಹುದಿತ್ತು. ಹೇಳಲಿಲ್ಲ.

ಬೆಳಗಿನ ಚಳಿಯಲ್ಲಿ ಸಾವಿರಾರು ಜನ, ಎದೆಗೆ ನಂಬರು, ಮೈಕಿನಲ್ಲಿ ಹಾಡು. ನಮ್ಮ ವಯಸ್ಸಿನವರು ಅಲ್ಲೊಬ್ಬರು ಇಲ್ಲೊಬ್ಬರು. ಆರು ಕಿಲೋಮೀಟರ್ ನಮ್ಮ ಪದ್ಧತಿಯಂತೆ ಮಗ್ಗಿ, ಸ್ಟೇಷನ್ನು ಹೇಳಿಕೊಂಡು ಓಡಿದೆವು. ಆಮೇಲೆ ಒಂದು ತಿರುವಿನಲ್ಲಿ ಶಾಲೆಯ ಮಕ್ಕಳು ಚಪ್ಪಾಳೆ ಹೊಡೆದರು. ಮಕ್ಕಳನ್ನು ಕಂಡರೆ ಮೇಷ್ಟರಿಗೆ ಹುರುಪು. ಷಡ್ಡಕನನ್ನು ಹಿಂದೆ ಬಿಟ್ಟು ನುಗ್ಗಿದೆ. ಏಳು ದಾಟುವ ಹೊತ್ತಿಗೆ ಪಕ್ಕೆ ಹಿಡಿದುಕೊಂಡಿತು. ಬಗ್ಗಿ ಮಂಡಿಗೆ ಕೈಕೊಟ್ಟು ನಿಂತೆ. ನೂರಾರು ಜನ ದಾಟಿ ಹೋದರು, ಅವರೂ ದಾಟಿ ಹೋಗುತ್ತಾರೆ ಅಂದುಕೊಂಡೆ. ಅವರು ಬಂದು ನಿಂತರು. ಬೆನ್ನ ಮೇಲೆ ಕೈಯಿಟ್ಟರು.

"ಮಗ್ಗಿ ಹೇಳಿ ಮೇಷ್ಟ್ರೇ. ಉಸಿರೈತಾ ನೋಡಣ."

ಹತ್ತೊಂಬತ್ತರ ಮಗ್ಗಿ ಶುರು ಮಾಡಿದೆ, ಎರಡಕ್ಕೇ ನಿಂತಿತು. ಕುಂಟುತ್ತಾ ಹೆಜ್ಜೆ ಹಾಕಿದೆ, ಅವರೂ ಹಾಕಿದರು. ಉಳಿದಷ್ಟೂ ಉಸಿರನ್ನು ಒಟ್ಟು ಮಾಡಿ ಹೇಳಿದೆ: "ಅಣ್ಣ, ಅವತ್ತು ನಾನು ಹಂಗೆ ಹೇಳ್ಬಾರ್ದಿತ್ತು. ತಪ್ಪಾಯ್ತು."

ಅವರು ನಿಧಾನವಾಗಿ ಓಡುತ್ತಾ ಸ್ಟೇಷನ್ನು ಹೇಳಲು ತೊಡಗಿದರು. ಇವರು ಕ್ಷಮಿಸಲಿಲ್ಲ ಅಂದುಕೊಂಡೆ. ಅರಸೀಕೆರೆ, ಬಾಣಾವರ, ದೇವನೂರು, ಕಡೂರು. ಬೀರೂರು ಬರಲಿಲ್ಲ.

"ಕಡೂರ್ ಛತ್ರದಲ್ಲಿ," ಅಂದರು, "ಧಾರೆ ಹೊತ್ನಲ್ಲಿ ನೀವು ಬತ್ತೀರೇನೋ ಅಂತ ಬಾಗ್ಲು ನೋಡ್ತಾನೇ ಇದ್ದೆ ಕಣ್ರೀ. ನೀವಂದಿದ್ದೇನು ಸುಳ್ಳಲ್ಲ ಬಿಡಿ. ಬರ್ಲಿಲ್ವಲ್ಲ, ಅದು."

ನಾನು ಆರು ವರ್ಷ ಒಂದು ಮಾತಿಗೆ ಕೊರಗಿದ್ದೆ, ಅಥವಾ ಕೊರಗದಂತೆ ನಟಿಸಿದ್ದೆ. ಅವರಿಗೆ ನೋವಾಗಿದ್ದು ಅದಕ್ಕೆ ಅಲ್ಲವೇ ಅಲ್ಲ. ಮದುವೆಯ ಗದ್ದಲದಲ್ಲಿ, ಮಗನ ಪಕ್ಕ ನಿಂತು, ಒಬ್ಬ ಮನುಷ್ಯ ನನಗಾಗಿ ಬಾಗಿಲು ನೋಡುತ್ತಿದ್ದ. ನಾನು ಆಗ ಗೋಡೆಯ ಹತ್ತಿರ ವಾದ ಗೆಲ್ಲುತ್ತಿದ್ದೆ. ರಸ್ತೆಯಲ್ಲೇ ಅಳು ಬಂತು.

"ತಪ್ಪಾಯ್ತು ಅಂತ ಅಷ್ಟುದ್ದ ಮಾತು ಬಂತಲ್ಲ, ಉಸಿರೈತೆ ನಿಮಗೆ," ಅಂದರು. "ನಡೀರಿ."

ಕೊನೆಯವರ ಗುಂಪಿನಲ್ಲಿ ಗೆರೆ ದಾಟಿದೆವು. ಸಂಜೆ ಅಜ್ಜಂಪುರದಲ್ಲಿ ಬಸ್ಸಿಳಿದಾಗ ಅವರು ನನ್ನ ಚೀಲವನ್ನೂ ಹೊತ್ತು ತಮ್ಮ ಬೀದಿಯ ಕಡೆಗೇ ಹೊರಟರು. ಹಿಂದೆ ಹೋದೆ. ಆರು ವರ್ಷದ ಮೇಲೆ ಆ ಹೊಸಿಲು ದಾಟಿದೆ. ನಡುಮನೆಯಲ್ಲಿ ಅವರ ಎರಡು ವರ್ಷದ ಮೊಮ್ಮಗ, ನಾನು ಅವತ್ತೇ ಮೊದಲು ಹತ್ತಿರದಿಂದ ಕಂಡವನು, ಯಾವುದೋ ಸಿಟ್ಟಿಗೆ ಲೋಟ ಎತ್ತಿ ಗೋಡೆಗೆ ಎಸೆದ. ಅತ್ತಿಗೆ ಚಕ್ಕುಲಿಯ ತಟ್ಟೆ ತಂದಿಟ್ಟರು.

"ಥೇಟ್ ಯಾರ ಹಂಗೆ, ನೀವೇ ಹೇಳಿ ಮೇಷ್ಟ್ರೇ," ಅಂದರು ಷಡ್ಡಕ, ಮೊಮ್ಮಗನನ್ನು ಎತ್ತಿಕೊಂಡು.

ನಾನು ಒಂದು ಚಕ್ಕುಲಿಯನ್ನು ಇಡಿಯಾಗಿ ಬಾಯಿಗೆ ತುರುಕಿಕೊಂಡೆ.