ಚೆನ್ನಾಗೇ ಇದ್ದಾರೆ

ಟೈಲರಮ್ಮ ಆ ಆಯಾಳನ್ನು ಮೊದಲು ಕಂಡದ್ದು ತಾಯಿಯನ್ನು ವೃದ್ಧರ ಆರೈಕೆ ಕೇಂದ್ರಕ್ಕೆ ಸೇರಿಸಿದ ದಿನ, ಅದರ ಬಾಗಿಲಲ್ಲೇ. ಸೊಂಟಕ್ಕೆ ಸಿಕ್ಕಿಸಿದ್ದ ಬಟ್ಟೆಗೆ ಒದ್ದೆ ಕೈ ಒರೆಸಿಕೊಳ್ಳುತ್ತಾ ಬಂದಳು. ನಮಸ್ಕಾರವಿಲ್ಲ, ಬನ್ನಿ ಕೂತ್ಕೊಳ್ಳಿ ಎನ್ನುವುದೂ ಇಲ್ಲ. ನೇರವಾಗಿ ಮುದುಕಿಯ ಕಾಲು ನೋಡಿ, ಚಪ್ಪಲಿಯ ಪಟ್ಟಿ ಬಿಗಿಯಾಯಿತೆಂದು ಬಗ್ಗಿ ಸಡಿಲಿಸಿದಳು. ಅಷ್ಟರಲ್ಲೇ ಮುದುಕಿ ಅವಳ ಭುಜ ಹಿಡಿದುಕೊಂಡಾಗಿತ್ತು. ಮಗಳಿಗೆ ಅದೇ ಹಿಡಿಸಲಿಲ್ಲ. ಬಂದ ಗಳಿಗೆಗೇ ಇಷ್ಟು ಸಲಿಗೆ ಯಾಕೆ?

ದಿನವೂ ಸಂಜೆ ಆಯಾ ಫೋನ್ ಮಾಡುತ್ತಿದ್ದಳು. "ಅಜ್ಜಿ ಚೆನ್ನಾಗಿದ್ದಾರೆ ಅಕ್ಕಾ. ಊಟ ಆಯ್ತು." ಎಲ್ಲರ ಮನೆಗೂ ಇದೇ ಮಾತು, ಇದೇ ರಾಗ. ನೋಡಲು ಬರುವ ಮನೆಯವರು ಅವಳಿಗೆ 'ಚೆನ್ನಾಗಿದ್ದಾರಮ್ಮ' ಎಂದೇ ಹೆಸರಿಟ್ಟು ನಗುತ್ತಿದ್ದರು. ಟೈಲರಮ್ಮನಿಗೆ ಮಾತ್ರ ನಗು ಬರುತ್ತಿರಲಿಲ್ಲ. ಮೇಲೆ ನೀಟಾಗಿ ಕಾಣುವ ಹೊಲಿಗೆಯನ್ನು ತಿರುಗಿಸಿ ನೋಡುವುದೇ ಅವಳ ಕಸುಬು. ಇವಳು ಅಮ್ಮನ ಮುಖ ನೋಡದೆಯೇ ಪಾಠ ಒಪ್ಪಿಸುತ್ತಿದ್ದಾಳೋ ಏನೋ ಎಂದು ಒಂದು ಸಂಜೆ ಬೇಕೆಂದೇ ಕೇಳಿದಳು:

"ಅಮ್ಮನ ಹಲ್ಲುಸೆಟ್ಟು ತೊಳೆದಿಟ್ರೇನಮ್ಮಾ?"

"ಯಾವ ಸೆಟ್ಟು? ನಿಮ್ಮಮ್ಮನ ಬಾಯಲ್ಲಿರೋದೆಲ್ಲ ಸ್ವಂತದ್ದೇ. ನಂಬಿಕೆ ಇಲ್ದಿದ್ರೆ ಬಂದು ನನ್ನ ಬೆರಳು ನೋಡಿ."

ಉತ್ತರವೇನೋ ಸರಿಯಾಗಿತ್ತು. ಅನುಮಾನ ಬೇರೆ ದಾರಿ ಹಿಡಿಯಿತು. ಯಾರನ್ನೂ ಕಚ್ಚದ ಅಮ್ಮ ಇವಳನ್ನೇಕೆ ಕಚ್ಚಿದಳು?

ಹೀಗಿರುವಾಗ ಒಂದು ಸಂಜೆ ಫೋನಿನಲ್ಲಿ, "ಅಜ್ಜಿ ಚೆನ್ನಾಗೇ ಇದ್ದಾರೆ ಅಕ್ಕಾ," ಎಂದು ಬಂತು. ಫೋನ್ ಇಟ್ಟ ಮೇಲೂ ಆ 'ಚೆನ್ನಾಗೇ' ಟೈಲರಮ್ಮನ ಕಿವಿಯಲ್ಲಿ ಉಳಿಯಿತು. ಇಷ್ಟು ದಿನ ಇಲ್ಲದ 'ಏ' ಇವತ್ತು ಎಲ್ಲಿಂದ ಬಂತು? ನಿಜವಾಗಿ ಚೆನ್ನಾಗಿರುವವರನ್ನು ಯಾರಾದರೂ ಹಾಗೆ ಒತ್ತಿ ಹೇಳುತ್ತಾರೆಯೇ? ಕತ್ತರಿಸುತ್ತಿದ್ದ ಬಟ್ಟೆಯನ್ನು ಅಲ್ಲೇ ಬಿಟ್ಟು, ಅಂಗಡಿಯ ಬಾಗಿಲೆಳೆದು ಹೊರಟಳು.

ಕೇಂದ್ರದ ಮ್ಯಾನೇಜರ್ ಅಡ್ಡ ನಿಂತು, ಅಜ್ಜಿ ಈಗಷ್ಟೇ ಮಲಗಿದ್ದಾರೆ, ನಾಳೆ ಬನ್ನಿ ಎಂದ. ಅವನನ್ನು ದಾಟಿಕೊಂಡು ಒಳಗೆ ಹೋದಳು. ಅಮ್ಮ ಕಣ್ಣು ಬಿಟ್ಟುಕೊಂಡೇ ಇದ್ದಳು. ದಿಂಬಿನ ಮೇಲಿಟ್ಟ ಎಡಗಾಲಿನ ಪಾದ ಊದಿ ಹೊಳೆಯುತ್ತಿತ್ತು. ಬೆಳಿಗ್ಗೆ ಬಚ್ಚಲಲ್ಲಿ ಜಾರಿ ಬಿದ್ದಿದ್ದಳಂತೆ. ಡಾಕ್ಟರು ನೋಡುವ ತನಕ ಮನೆಯವರ ಕಿವಿಗೆ ಹಾಕಕೂಡದು ಎಂದು ಮ್ಯಾನೇಜರ್ ಕಟ್ಟಪ್ಪಣೆ ಮಾಡಿದ್ದ. ಡಾಕ್ಟರು ಇನ್ನೂ ಬಂದಿರಲಿಲ್ಲ.

ಆಯಾ ಮಂಚದ ಪಕ್ಕ ಕೂತು ತಣ್ಣೀರು ಬಟ್ಟೆ ಹಿಂಡುತ್ತಿದ್ದಳು.

"ನೀನೂ ಸುಳ್ಳು ಹೇಳಿದೆಯಲ್ಲೇ," ಎಂದಳು ಟೈಲರಮ್ಮ.

"ಹೇಳ್ಬೇಡ ಅಂದ್ರು, ಹೇಳ್ಲಿಲ್ಲ." ಆಯಾ ತಲೆಯೆತ್ತಲಿಲ್ಲ. "ನೀವು ಬಂದ್ರಲ್ಲ."

ಆಸ್ಪತ್ರೆಗೆ ಕರೆದೊಯ್ದಾಗ ಮೂಳೆ ಮುರಿದಿಲ್ಲ, ಉಳುಕಿದೆ ಎಂದರು. ಅಮ್ಮನನ್ನು ಕೇಂದ್ರದಿಂದ ಬಿಡಿಸಿಕೊಂಡು ಬರುವುದೆಂದೇ ಟೈಲರಮ್ಮ ತೀರ್ಮಾನಿಸಿದ್ದಳು. ಅಮ್ಮ ಕೇಳಿದ್ದು ಒಂದೇ: "ಅವಳೂ ಬರ್ತಾಳಾ?" ಮಗಳು ಅವಳನ್ನು ಮತ್ತೆ ಕೇಂದ್ರಕ್ಕೇ ಕರೆತಂದಳು. ಏನೇ ಆದರೂ ತಕ್ಷಣ ತಿಳಿಸಬೇಕೆಂದು ಮ್ಯಾನೇಜರನಿಗೆ ನಾಲ್ಕು ಜನರ ಎದುರು ಹೇಳಿ, ಅಮ್ಮನನ್ನು ಅಲ್ಲಿಯೇ ಬಿಟ್ಟಳು.

ಆ 'ಏ' ಬೇಕೆಂದೇ ಸೇರಿಸಿದ್ದೋ, ಬಾಯಿತಪ್ಪಿ ಬಂದದ್ದೋ, ಆಯಾ ಇವತ್ತಿಗೂ ಬಾಯಿಬಿಟ್ಟಿಲ್ಲ. ಟೈಲರಮ್ಮನೂ ಕಿವಿ ಸಡಿಲಿಸಿಲ್ಲ.

ಆಯಾ ಈಗಲೂ ಅಲ್ಲೇ ಕೆಲಸಕ್ಕಿದ್ದಾಳೆ. ಸಂಜೆ ಫೋನನ್ನು ಮೊದಲು ಅಜ್ಜಿಯ ಕೈಗೆ ಕೊಟ್ಟು, ಆಮೇಲೆ ತಾನು ಮಾತಾಡುತ್ತಾಳೆ.