ಚಿಂಚೋಳಿಗೆ ಹೋದ ತಗಡಿನ ಮೀನು

ಕಳೆದ ವಾರ ನೀರಿನ ಡಬ್ಬಿಯ ತೂತು ಮುಚ್ಚಿಸಲೆಂದು ತಗಡಿನ ಅಂಗಡಿಗೆ ಹೋಗಿದ್ದೆ. ಅಂಗಡಿಯವನು ಕಾದ ಬೆಸುಗೆ ಕಡ್ಡಿಯನ್ನು ನವಸಾಗರದ ಗಟ್ಟಿಗೆ ತಿಕ್ಕಿದೊಡನೆ ಬಿಳಿ ಹೊಗೆ ಎದ್ದು ಮೂಗಿಗೆ ಚುಚ್ಚಿತು. “ಹೊಗಿ ಅದರಿ ಸರ, ಹಿಂದ ಸರೀರಿ” ಎಂದ. ನಾನು ಸರಿಯಲಿಲ್ಲ. ಆ ಹೊಗೆಯ ಆಚೆ ಸೇಡಂನ ನಮ್ಮ ಪಕ್ಕದ ಮನೆಯ ಅಂಗಳ ಕಂಡಿತ್ತು... ಅಂಗಳದಲ್ಲೊಂದು ಮೋಟಾರು ಕಾರು, ಅದರ ಮೂತಿಗೆ ಘಾಸಲೇಟಿನ ಡಬ್ಬಿಯ ತಗಡು ಬಡಿಯುತ್ತ ಕೂತ ಚಾಚಾ.

ನಾನು ಬರೆಯುತ್ತಿರುವುದರಲ್ಲಿ ಎಷ್ಟು ನಡೆದದ್ದು, ಎಷ್ಟು ನಾನು ಆಮೇಲೆ ಸೇರಿಸಿದ್ದು, ನನಗೇ ಖಾತ್ರಿಯಿಲ್ಲ. ಮೋಟಾರು ಹಸಿರು ಎಂದು ನನ್ನ ನೆನಪು. ತಂಗಿ ಕಪ್ಪು ಎನ್ನುತ್ತಾಳೆ. ತಗಡಿನ ವಿಷಯದಲ್ಲಿ ಮಾತ್ರ ನಮ್ಮಿಬ್ಬರಿಗೂ ತಕರಾರಿಲ್ಲ.

ಚಾಚಾ ಒಬ್ಬ ಜಾಗೀರದಾರರ ಡ್ರೈವರಾಗಿದ್ದರು. ಪೊಲೀಸ್ ಆ್ಯಕ್ಷನ್ ಆಗಿ ನಿಜಾಮನ ಆಳ್ವಿಕೆ ಮುಗಿದ ಮೇಲೆ ಜಾಗೀರು ಹೋಯಿತು, ಜಾಗೀರದಾರರು ಹೈದರಾಬಾದು ಸೇರಿದರು, ಹಳೆಯ ಮೋಟಾರು ಚಾಚಾನ ಪಾಲಿಗೆ ಉಳಿಯಿತು. ಇಷ್ಟು ವರ್ಷ ಒಬ್ಬ ಮನುಷ್ಯನನ್ನು ಹೊತ್ತಿದ್ದ ಅದು ಈಗ ಇಡೀ ತಾಲ್ಲೂಕನ್ನು ಹೊರತೊಡಗಿತು. ದಾರಿಯಲ್ಲಿ ಯಾರು ಕೈ ಮಾಡಿದರೂ ಚಾಚಾ ನಿಲ್ಲಿಸುತ್ತಿದ್ದರು. ಒಳಗೆ ಹಿಡಿಯುವಷ್ಟು ಜನ ಒಳಗೆ. ಮಿಕ್ಕವರು ಪಕ್ಕದ ಮೆಟ್ಟಿಲ ಮೇಲೆ, ಮಡ್‌ಗಾರ್ಡಿನ ಮೇಲೆ, ಹಿಂದೆ ಸಾಮಾನು ಕಟ್ಟುವ ಜಾಗದಲ್ಲಿ ಜೋಳದ ಚೀಲ ತಬ್ಬಿಕೊಂಡು. ಆಡಕಿ ಊರಿನವನೊಬ್ಬ ಎಮ್ಮೆಯ ಕರುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಬಂದದ್ದನ್ನು ನಾನೇ ಕಂಡಿದ್ದೇನೆ.

“ಒಮ್ಮರೆ ಇಲ್ಲ ಅನ್ರಿ ಚಾಚಾ” ಎಂದರೆ, “ಹೆಂಗ ಅನ್ಲಿ ತಮ್ಮಾ? ಕೈ ಮಾಡ್ಯಾರಲ್ಲ” ಎನ್ನುತ್ತಿದ್ದರು.

ಅವರ ಒಬ್ಬಳೇ ಮಗಳನ್ನು ಚಿಂಚೋಳಿಗೆ ಕೊಟ್ಟಿದ್ದರು. ಚೊಚ್ಚಲ ಬಸುರಿ, ಹೆರಿಗೆಗೆ ತವರಿಗೆ ಕರೆತರಬೇಕು. ಎತ್ತಿನ ಗಾಡಿಯ ಕುಲುಕಾಟ ಬೇಡವೇ ಬೇಡ ಎಂದು ಸೂಲಗಿತ್ತಿ ಹೇಳಿದ್ದಳು. ಮೋಟಾರಿತ್ತು, ಪೆಟ್ರೋಲಿರಲಿಲ್ಲ. ಆಗ ಕೂಪನ್ನಿನ ಕಾಲ. ತಿಂಗಳಿಗೆ ಸಿಗುವ ಒಂದೆರಡು ಡಬ್ಬಿಯನ್ನು ಶಹಾಬಾದಿನಿಂದ ತರಬೇಕಿತ್ತು. ಮೊದಲ ಸಲ ಹೊರಟ ಚಾಚಾ ದಾರಿಯ ಜನರನ್ನೆಲ್ಲ ಹತ್ತಿಸಿಕೊಂಡು, ಸುಲೇಪೇಟ ದಾಟುತ್ತಲೇ ಎಣ್ಣೆ ಮುಗಿದು, ಎರಡು ಎತ್ತುಗಳ ಹಿಂದೆ ಮೋಟಾರು ಕಟ್ಟಿಸಿಕೊಂಡು ತಿರುಗಿ ಬಂದರು. ಚಿಂಚೋಳಿಯ ಬೀಗತಿ ಹೇಳಿ ಕಳಿಸಿದಳು: “ನಿಮ್ಮ ಮೋಟಾರದ ದಾರಿ ಕಾಯ್ಕೋತ ಕುಂತರ ಕೂಸು ಹುಟ್ಟಿ, ತಾನ ನಡಕೋತ ಸೇಡಂಗೆ ಬರ್ತದ.” ಚಾಚಾ ಅಂದು ಊಟ ಮಾಡಲಿಲ್ಲ. ಮುಂದಿನ ತಿಂಗಳು ಹುಡುಗಿಗೆ ಎಂಟು ತಿಂಗಳು ತುಂಬುತ್ತಿತ್ತು. ಆಮೇಲೆ ಪಯಣ ಕೂಡದು, ಆ ತಿಂಗಳ ಡಬ್ಬಿಯೇ ಕೊನೆಯದು.

ಆಗ ನಾನು ನಡುವೆ ಬಾಯಿ ಹಾಕಿದೆ. ಹೈದರಾಬಾದಿನಲ್ಲಿ ಬಿ.ಎಸ್ಸಿ. ಮುಗಿಸಿ, ನೌಕರಿಯಿಲ್ಲದೆ, ಊರವರ ಪ್ರತಿ ಮಾತಿಗೂ ಪುರಾವೆ ಕೇಳುತ್ತ ತಿರುಗುತ್ತಿದ್ದ ದಿನಗಳು ಅವು. ಓಡುವ ಗಾಡಿಯನ್ನು ಗಾಳಿ ತಡೆಯುತ್ತದೆ, ಮೈ ಮೀನಿನಂತೆ ನುಣುಪಾಗಿದ್ದರೆ ಎಣ್ಣೆ ಉಳಿಯುತ್ತದೆ ಎಂದು ಮಣ್ಣಿನಲ್ಲಿ ಕಡ್ಡಿಯಿಂದ ಮೀನು ಬರೆದು ತೋರಿಸಿದೆ. ಬರೀ ಜಾಣತನಕ್ಕೆ ಆಡಿದ ಮಾತು.

ಚಾಚಾ ಬಹಳ ಹೊತ್ತು ಆ ಮೀನನ್ನು ನೋಡಿದರು. “ಮೀನಿಗಿ ಬಾಗಲಾ ಎಲ್ಲಿಡಬೇಕು?” ಎಂದರು.

ಮರುದಿನದಿಂದ ಬಡಿಯುವ ಸದ್ದು ಶುರುವಾಯಿತು. ಸೀಮೆಎಣ್ಣೆಯ ಖಾಲಿ ಡಬ್ಬಿಗಳನ್ನು ಬಿಚ್ಚಿ, ಚಪ್ಪಟೆ ಮಾಡಿ, ಅಂಚಿಗೆ ಅಂಚು ಬೆಸೆದರು. ಮೂತಿ ಚೂಪಾಯಿತು, ಹಿಂದೆ ಬಾಲ ಬಂತು, ಪಕ್ಕದ ಮೆಟ್ಟಿಲುಗಳು ಇಳಿಜಾರು ತಗಡಿನ ಒಳಗೆ ಅಡಗಿದವು. ದೀಪಕ್ಕೆಂದು ಕೊರೆದ ಎರಡು ತೂತು ಥೇಟು ಕಣ್ಣಿನಂತೆ ಕಂಡವು. ಗಾಲಿ ಮುಚ್ಚಲು ಗುಂಡನೆಯ ತಟ್ಟೆ ಬೇಕಿತ್ತು. ಅಂದು ಸಂಜೆ ಚಾಚಿ ಹಿಟ್ಟು ನಾದುವ ಪರಾತವನ್ನು ಮನೆಯೆಲ್ಲ ಹುಡುಕಿ, ಕೊನೆಗೆ ಅಂಗಳಕ್ಕೆ ಬಂದು ಹಿಂದಿನ ಗಾಲಿಯ ಮುಂದೆ ಸೊಂಟಕ್ಕೆ ಕೈಯಿಟ್ಟು ನಿಂತರು. ಮನೆಯಲ್ಲಿ ಅವರ ಮಾತು ದಖ್ಖನಿ ಉರ್ದು. ಅಂದು ನನಗೂ ಪಾಲು ಸಿಗಲೆಂದು ಕನ್ನಡದಲ್ಲಿ ಬೈದರು.

“ಈಗ ಹಿಟ್ಟು ಎಲ್ಲಿ ನಾದ್ಲಿ, ನಿಮ್ಮ ತಲಿ ಮ್ಯಾಲ?”

“ಮಗಳು ಬರ್ಲಿ, ಬಿಚ್ಚಿ ಕೊಡ್ತೀನಿ. ಅಲ್ಲೀತನಕ ಬಿ.ಎಸ್ಸಿ. ಸಾಹೇಬ್ರ ಮನ್ಯಾಗ ನಾದು” ಎಂದರು ಚಾಚಾ.

ಹೊರಡುವ ದಿನ ಹತ್ತಿರ ಬಂದಂತೆ ನಾನು ಕಾಗದ ಹಿಡಿದು ಲೆಕ್ಕ ಹಾಕಿದೆ. ಆ ರಸ್ತೆಯಲ್ಲಿ ಆ ಮೋಟಾರು ಓಡುವ ಓಟಕ್ಕೆ ಗಾಳಿಯ ತಡೆ ಲೆಕ್ಕಕ್ಕೇ ಬಾರದು. ತಗಡಿನ ಭಾರಕ್ಕೆ ಇನ್ನಷ್ಟು ಎಣ್ಣೆಯೇ ಬೇಕು! ನನ್ನ ಮೀನನ್ನು ನಂಬಿ ತುಂಬು ಬಸುರಿ ನಡುದಾರಿಯಲ್ಲಿ ಕೂರಬೇಕಾದೀತು. ಹೇಳಲು ನಾಲ್ಕು ಸಲ ಹೋದೆ, ಹೇಳದೆ ತಿರುಗಿ ಬಂದೆ. ಕೊನೆಗೆ ಎಣ್ಣೆ ಅಳೆಯಲು ಗೀಟು ಹಾಕಿದ ಬಿದಿರು ಕಡ್ಡಿ ಹಿಡಿದು ಚಾಚಾನ ಪಕ್ಕದಲ್ಲಿ ಕೂತೆ. ಹಿಂದೆ ಚಾಚಿ.

ಊರ ಹೊರಗೇ ಒಬ್ಬ ಚೀಲ ಇಟ್ಟುಕೊಂಡು ಕೈ ಮಾಡಿದ. ಚಾಚಾ ಎಂದಿನಂತೆ ನಿಲ್ಲಿಸಿದರು. ಆತ ಮೆಟ್ಟಿಲೆಂದು ಕಾಲಿಟ್ಟ, ಜಾರಿದ. ಹಿಂದೆ ಹೋದ, ಅಲ್ಲಿ ಬಾಲ. ಚೀಲವನ್ನು ಮೂತಿಯ ಮೇಲಿಟ್ಟ, ಅದು ಸರ್ರನೆ ಇಳಿದು ಅವನ ಕಾಲ ಮೇಲೇ ಬಿತ್ತು. ಒಳಗೆ ಚಾಚಿ ಇದ್ದುದರಿಂದ ಬಾಗಿಲು ಮುಟ್ಟಲಿಲ್ಲ.

“ಇದ್ಯಾನ್ರಿ ಚಾಚಾ, ಮೋಟಾರೋ ಮೊಸಳಿಯೋ?”

“ಮೀನು.”

“ಹಂಗಾರ ಹೋಗ್ರಿ ಹೋಗ್ರಿ, ಕೆರಿ ಮುಂದದ.”

ಸುಲೇಪೇಟದವರೆಗೂ ಇದೇ. ಎಲ್ಲರಿಗೂ ನಿಲ್ಲಿಸಿದರು, ಯಾರಿಗೂ ಹತ್ತಲಾಗಲಿಲ್ಲ. ಚಿಂಚೋಳಿಯಲ್ಲಿ ಕಡ್ಡಿ ಅದ್ದಿ ನೋಡಿದರೆ ಎಣ್ಣೆ ಅರ್ಧಕ್ಕಿಂತ ಹೆಚ್ಚು ಉಳಿದಿತ್ತು. ಬೀಗತಿ ಮೋಟಾರಿನ ಸುತ್ತ ಒಂದು ಸುತ್ತು ಬಂದು, ಸೊಸೆಯ ಗಂಟು ತಂದಿಟ್ಟಳು.

ತಿರುಗಿ ಬರುವಾಗ, ಮಗಳು ತಾಯಿಯ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದಳು. ನನಗೆ ಸತ್ಯ ಹೇಳದೆ ಇರಲಾಗಲಿಲ್ಲ. “ಚಾಚಾ, ಇದು ಗಾಳಿ ಆಟ ಅಲ್ರಿ. ಜನ ಹತ್ತಲಿಲ್ಲ, ಅದಕ್ಕ ಎಣ್ಣಿ ಉಳದದ.”

“ಇಲ್ಲ ಅನ್ಲಿಕ್ಕ ನನ್ನ ಬಾಯಿ ಏಳಂಗಿಲ್ಲ ತಮ್ಮಾ” ಎಂದರು. “ತಗಡು ‘ಇಲ್ಲ’ ಅಂತದ.”

ಹೀಗೆಂದರೋ, ಅಥವಾ ಇಷ್ಟು ವರ್ಷದಲ್ಲಿ ನಾನೇ ಅವರ ಬಾಯಿಗೆ ಇಟ್ಟೆನೋ... ಆಮೇಲೆ ನಡೆದದ್ದು ಮಾತ್ರ ಸ್ಪಷ್ಟವಾಗಿದೆ. ಸುಲೇಪೇಟದ ಹತ್ತಿರ ತಲೆಯ ಮೇಲೆ ಗಂಟು ಹೊತ್ತ ಮುದುಕಿಯೊಬ್ಬಳು ಕೈ ಮಾಡಿದಳು. ಚಾಚಾ ನಿಲ್ಲಿಸಿ, ಮೆಟ್ಟಿಲು ನೋಡಿದರು, ಬಾಲ ನೋಡಿದರು, ನನ್ನನ್ನು ನೋಡಿದರು.

“ಇಳಿ ತಮ್ಮಾ.”

“ನಾನಾ?”

“ಗಾಳಿ ಓದಿದಾಂವ ನೀ. ಗಾಳಿಗೆ ನಡಕೋತ ಬಾ.”

ಬಿದಿರು ಕಡ್ಡಿ ಹಿಡಿದು ನಡೆದೆ. ಅರ್ಧ ದಾರಿ ಕಾಲು, ಅರ್ಧ ದಾರಿ ಯಾರದೋ ಗಾಡಿ. ಮರುದಿನ ಸೇಡಂ ಮುಟ್ಟಿದಾಗ ಮೀನು ಅಂಗಳದಲ್ಲಿತ್ತು, ಮಗಳು ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತಿದ್ದಳು. ಮರುತಿಂಗಳು ಮುಗಿಯುವ ಮೊದಲೇ ಮೊಮ್ಮಗ ಹುಟ್ಟಿದ.

ಕೂಸಿನ ತೊಟ್ಟಿಲು ಕಟ್ಟಿದ ಮೇಲೂ ಚಾಚಾ ಕೆಲವು ದಿನ ಮೀನಿನಲ್ಲೇ ತಿರುಗಿದರು. ಒಂದು ಬೆಳಿಗ್ಗೆ ನೋಡಿದರೆ ಕತ್ತರಿ ಹಿಡಿದು ಎಲ್ಲವನ್ನೂ ಬಿಚ್ಚುತ್ತಿದ್ದಾರೆ. “ಜನ ಕೈ ಮಾಡೋದ ಬಿಟ್ಟಾರ ತಮ್ಮಾ. ದಾರಿ ಮ್ಯಾಲ ಸುಮ್ಮ ನಿಂತು ನೋಡ್ತಾರ” ಎಂದರು. ಪರಾತ ಚಾಚಿಗೆ ಮರಳಿತು, ನಡುವೆ ಬೋಲ್ಟಿನ ತೂತಿನೊಂದಿಗೆ. ಅವರ ಹಿಟ್ಟು ನಮ್ಮ ಮನೆಗೆ ಬರುವುದು ನಿಲ್ಲಲೇ ಇಲ್ಲ.

ಚಾಚಾ ತೀರಿಕೊಂಡಾಗ ನಾನು ದೂರದ ಊರಿನಲ್ಲಿ ಪಾಠ ಹೇಳುತ್ತಿದ್ದೆ. ಸುದ್ದಿ ತಲುಪುವಷ್ಟರಲ್ಲಿ ನಲವತ್ತು ದಿನದ ಶೋಕವೂ ಕಳೆದಿತ್ತು. ಅವರ ಮಗಳು ಈಗ ಮುಪ್ಪಿನವಳು. ಈಚೆಗೆ ಭೇಟಿಯಾದಾಗ ಆ ದಿನದ ಮಾತು ತೆಗೆದೆ. ನನ್ನನ್ನು ವಿಚಿತ್ರವಾಗಿ ನೋಡಿದಳು. “ನೀವೆಲ್ಲಿದ್ರಿ ಅಣ್ಣಾ? ಮೋಟಾರದಾಗ ಮುಂದ ಅಬ್ಬಾನ ಬಾಜೂಕ ಒಬ್ಬಾಕಿ ಮುದುಕಿ ಕುಂತಿದ್ಳು.”

ಅಂಗಡಿಯವನು ಡಬ್ಬಿಗೆ ನೀರು ತುಂಬಿ, ಎತ್ತಿ ಹಿಡಿದು, “ಸೋರಂಗಿಲ್ಲ ನೋಡ್ರಿ” ಎಂದ. ಹೊಗೆ ಇಳಿದಿತ್ತು. ಡಬ್ಬಿ ಹಿಡಿದು ನಡೆಯುತ್ತ ಯೋಚಿಸಿದೆ: ಆ ಮೋಟಾರಿನಲ್ಲಿ ನಾನಿದ್ದೆನೇ ಎಂದು ಕೇಳಲು, ಚಾಚಾನ ಮಗಳನ್ನು ಬಿಟ್ಟರೆ, ಈಗ ಯಾರೂ ಉಳಿದಿಲ್ಲ. ಚಾಚಾ ಇದ್ದಿದ್ದರೆ ಕೇಳಬಹುದಿತ್ತು. “ಇದ್ದಿ ತಮ್ಮಾ, ಇದ್ದಿ” ಎನ್ನುತ್ತಿದ್ದರು. ಆದರೆ ಅದೂ ಪುರಾವೆಯಾಗುತ್ತಿರಲಿಲ್ಲ... ಇಲ್ಲ ಎನ್ನಲು ಅವರಿಗೆ ಬಾಯಿ ಏಳುತ್ತಿರಲಿಲ್ಲ.