ಆಷಾಢದಲ್ಲಿ ಕೊಂಡ ಗ್ರೈಂಡರ್

ಆಷಾಢದಲ್ಲಿ ಸಾಮಾನು ಅಗ್ಗ ಮಾಡುವವರಿಗೆ ನಮ್ಮ ಹಬ್ಬಗಳು ಯಾವಾಗ ಬರುತ್ತವೆ ಎಂದು ಚೆನ್ನಾಗಿ ಗೊತ್ತಿರುತ್ತದೆ. ಆ ತಿಂಗಳಲ್ಲಿ ನಮ್ಮ ಮನೆಗಳಲ್ಲಿ ಯಾರಿಗೂ ಉಡುಗೊರೆ ಕೊಡುವುದಿಲ್ಲ, ಹೊಸ ಸಾಮಾನನ್ನು ಬಳಕೆಗೆ ತೆಗೆಯುವುದಿಲ್ಲ. ಆದರೆ ಅಗ್ಗ ಎಂದರೆ ಕೊಂಡು ತಂದು ಅಟ್ಟದ ಮೇಲೆ ಇಡುತ್ತೇವೆ. ಗೌರಿ ಹಬ್ಬ ಬರುವ ಹೊತ್ತಿಗೆ ಒಂದೂವರೆ ತಿಂಗಳು ಕಳೆದಿರುತ್ತದೆ. ಅಂಗಡಿಯವನು ಬದಲಾಯಿಸಿ ಕೊಡುವುದು ಹದಿನೈದು ದಿನದವರೆಗೆ ಮಾತ್ರ. ಅದನ್ನು ಬಿಲ್ಲಿನ ಹಿಂದೆ, ಇರುವೆ ಸಾಲಿನಂಥ ಇಂಗ್ಲಿಷಿನಲ್ಲಿ ಬರೆದಿರುತ್ತಾನೆ. ಬಾಯಲ್ಲಿ ಹೇಳುವುದಿಲ್ಲ. ಬಾಯಲ್ಲಿ ಹೇಳುವುದು "ಬನ್ನಿ ಅಣ್ಣ, ಕೂತ್ಕೊಳ್ಳಿ ಅಣ್ಣ" ಅಷ್ಟೇ.

ಈ ಸಿಟ್ಟನ್ನು ಒಂದು ವರ್ಷದಿಂದ ಸಿಕ್ಕಸಿಕ್ಕವರ ಹತ್ತಿರ ಹೇಳಿಕೊಂಡು ತಿರುಗಿದ್ದೇನೆ. ಕೇಳಿದವರೆಲ್ಲ ಹೌದು ಹೌದು ಎಂದಿದ್ದಾರೆ. ಅಂಗಡಿಯಲ್ಲಿ ನಾನು ಏನು ಹೇಳಿದೆ ಎಂಬುದನ್ನು ಮಾತ್ರ ಮೊನ್ನೆಯ ಹಬ್ಬದ ತನಕ ಯಾರಿಗೂ ಹೇಳಿರಲಿಲ್ಲ. ಹೆಂಡತಿಗೆ ಈಗಲೂ ಹೇಳಿಲ್ಲ. ಅದನ್ನೇ ಈಗ ಬರೆಯುತ್ತಿದ್ದೇನೆ.

ನಾನು ಆರನೇ ಕ್ಲಾಸಿಗೆ ಶಾಲೆ ಬಿಟ್ಟವನು. ಅಜ್ಜನ ಕಾಲದಲ್ಲಿ ಹಾಸನದ ಕಡೆಯಿಂದ ಬಂದು ಕುಶಾಲನಗರದ ಹತ್ತಿರ ನಿಂತ ಮನೆ ನಮ್ಮದು. ಹೊಲದಲ್ಲಿ ಕೆಲಸವಿಲ್ಲದ ದಿನ ಕಾಫಿ ತೋಟಗಳಿಗೆ ಮರ ಕಪಾತಿಗೆ ಹೋಗುತ್ತೇನೆ. ನೆರಳಿನ ಮರ ಹತ್ತಿ, ಗಿಡಕ್ಕೆ ಬಿಸಿಲು ಬೀಳುವಷ್ಟು ಕೊಂಬೆ ಸವರಿ ಇಳಿಯುವ ಕೆಲಸ. ನನಗೆ ಒಬ್ಬಳೇ ತಂಗಿ. ಅವಳು ಪಿಯುಸಿ ತನಕ ಓದಿದಳು. ಇಂಗ್ಲಿಷ್ ಓದುತ್ತಾಳೆ. ಇದು ನನ್ನ ಹೊಟ್ಟೆಯೊಳಗೆ ಯಾವಾಗಲೂ ಒಂದು ಮುಳ್ಳಿನ ಹಾಗೆ ಇತ್ತು ಎಂದು ಈಗ ಒಪ್ಪಿಕೊಳ್ಳುತ್ತೇನೆ.

ಅವಳನ್ನು ಕೊಟ್ಟಿರುವುದು ದುಬಾರೆಯ ಕಡೆ, ಹೊಳೆಯ ಪಕ್ಕದ ಊರಿಗೆ. ಹೋದ ವರ್ಷ ಅವಳಿಗೆ ಒಂದು ಹೋಂಸ್ಟೇಯವರು ಸಿಕ್ಕಿದರು. ಶನಿವಾರ, ಭಾನುವಾರ ಬರುವ ಜನಕ್ಕೆ ಇಡ್ಲಿ ಹಿಟ್ಟು, ದೋಸೆ ಹಿಟ್ಟು ರುಬ್ಬಿ ಕೊಡಬೇಕು. ಮದುವೆಯಾಗಿ ಅಷ್ಟು ವರ್ಷಕ್ಕೆ ಅವಳ ಕೈಗೆ ಬಂದ ಮೊದಲ ಸ್ವಂತ ಕೆಲಸ ಅದು. ಮನೆಯಲ್ಲಿ ಇದ್ದದ್ದು ಹಿತ್ತಲಿನ ರುಬ್ಬುವ ಕಲ್ಲು. ಫೋನಿನಲ್ಲಿ ಹೇಳಿದಳು, "ಅಣ್ಣ, ಗೌರಿ ಹಬ್ಬ ಆದ್ಮೇಲೆ ಸುರು ಮಾಡ್ತೀನಿ ಅಂದಿದೀನಿ. ಕೈಯಾಗೇ ರುಬ್ತೀನಿ, ನೋಡಾನ."

ಮೂರು ವರ್ಷದಿಂದ ನಾನು ಅವಳಿಗೆ ಸರಿಯಾಗಿ ಬಾಗಿನ ಕೊಟ್ಟಿರಲಿಲ್ಲ. ಗೌರಿ ಹಬ್ಬಕ್ಕೆ ತವರಿನಿಂದ ಅಣ್ಣನಾದವನು ಮೊರದಲ್ಲಿ ಅರಿಸಿನ, ಕುಂಕುಮ, ಬಳೆ, ಅಕ್ಕಿ, ಬೆಲ್ಲ, ರವಿಕೆ ಕಣ ಇಟ್ಟು ಕೊಟ್ಟು ಬರಬೇಕು. ನಾನು ಕಪಾತಿನ ನೆಪ ಹೇಳಿ ಯಾರದೋ ಕೈಯಲ್ಲಿ ದುಡ್ಡು ಕಳಿಸಿ ಮುಗಿಸುತ್ತಿದ್ದೆ. ಈ ಸಲ ಎಲ್ಲ ಸೇರಿಸಿ ಒಂದೇ ಸಲಕ್ಕೆ ಮೆರೆಯಬೇಕು ಎನ್ನಿಸಿತು. ಆಷಾಢದ ಅಗ್ಗದಲ್ಲಿ ಕುಶಾಲನಗರದ ಒಂದು ಅಂಗಡಿಯಿಂದ ಟೇಬಲ್ ಮೇಲೆ ಇಡುವ ಗ್ರೈಂಡರ್ ತಂದೆ.

"ಒಂದ್ಸಲ ಬಿಚ್ಚಿ ಹಾಕಿ ನೋಡಾನ. ಅಕ್ಕಿ ನೆನೆಸ್ಲಾ?" ಎಂದು ಹೆಂಡತಿ ಕೇಳಿದಳು.

"ಬಾಗಿನಕ್ಕೆ ಮುಡಿಪಿಟ್ಟಿದ್ದನ್ನ ನೀನು ಎಂಜಲು ಮಾಡ್ತೀಯ? ಅದೂ ಆಷಾಢದಲ್ಲಿ?" ಎಂದು ಗದರಿದೆ.

"ಮಿಷೀನಿಗೆ ಎಂಥ ಎಂಜಲು?"

"ಸುಮ್ಕಿರು."

ಬಾಕ್ಸಿನ ಟೇಪಿನ ಮೇಲೇ ಅರಿಸಿನ ಕುಂಕುಮ ಹಚ್ಚಿ ಅಟ್ಟಕ್ಕೆ ಏರಿಸಿದೆ. ಅಲ್ಲಿ ಹದಿನೈದು ದಿನವೂ ಕಳೆಯಿತು, ಮೂವತ್ತೂ ಕಳೆಯಿತು.

ಹಬ್ಬದ ದಿನ ಬಸ್ಸಿಳಿದು ಬಾಕ್ಸನ್ನು ಹೆಗಲ ಮೇಲೆ ಹೊತ್ತು ತಂಗಿಯ ಮನೆಗೆ ನಡೆದೆ. ಬೇಕೆಂದೇ ಊರ ನಡುವಿನ ದಾರಿಯಲ್ಲಿ ಹೋದೆ. ತಂಗಿ ಬಾಗಿಲಿಗೆ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಏನಣ್ಣ ಇದು, ಮೊರದಲ್ಲಿ ಹಿಡೀದಿರೋ ಬಾಗಿನ ತಂದಿದೀಯ! ಮೂರು ವರ್ಷದ್ದು ಬಡ್ಡಿ ಸಮೇತನಾ?" ಎಂದು ನಕ್ಕಳು. ಕಣ್ಣು ಒದ್ದೆಯಾಗಿತ್ತು. ಅವಳ ಅತ್ತೆ ಬಾಕ್ಸಿನ ಸುತ್ತ ಒಂದು ಸುತ್ತು ಬಂದು, "ಅಂತೂ ತವರಿನೋರು ಐದಾರೆ ಅಂತ ಗೊತ್ತಾಯ್ತು" ಎಂದರು. ಆ ಮಾತಿಗೂ ನಾನು ಉಬ್ಬಿದೆ. ತಂಗಿ ಅಲ್ಲೇ ಪ್ಲಗ್ ಹಾಕಿದಳು. ಖಾಲಿ ಡ್ರಮ್ಮು ಹಾಯಾಗಿ ತಿರುಗಿತು.

ವಾರದ ಕೊನೆಗೆ ಮೊದಲ ಹಿಟ್ಟು ಕೊಡಬೇಕಿತ್ತು. ಶುಕ್ರವಾರ ಮಧ್ಯಾಹ್ನ ಫೋನು ಬಂತು.

"ಅಣ್ಣ, ಅಕ್ಕಿ ಉದ್ದು ಹಾಕಿದ್ರೆ ನಿಂತೋಗ್ತದೆ. ಗುಂಯ್ ಅಂತದೆ, ಸುಟ್ಟ ವಾಸ್ನೆ ಬತ್ತದೆ. ಖಾಲಿ ಇದ್ರೆ ತಿರುಗ್ತದೆ."

"ಜಾಸ್ತಿ ಹಾಕಿರ್ತೀಯ."

"ಒಂದು ಪಾವು ಹಾಕಿದ್ದು ಕಣಣ್ಣ."

ಆ ವಾರದ ಹಿಟ್ಟನ್ನೆಲ್ಲ ಅವಳು ಕೈಯಲ್ಲೇ ರುಬ್ಬಿ ಕೊಟ್ಟಳು. ಸೋಮವಾರ ನಾನು ಹೋದಾಗ ಬಲಗೈ ಮೇಲೆತ್ತಲು ಆಗುತ್ತಿರಲಿಲ್ಲ. ಆದರೂ ಮುಖ ಗೆಲುವಾಗಿತ್ತು. ಹೋಂಸ್ಟೇ ಅಮ್ಮ ಹಿಟ್ಟು ಚೆನ್ನಾಗಿತ್ತು ಎಂದಿದ್ದರು, ಮುಂದಿನ ವಾರಕ್ಕೂ ಹೇಳಿದ್ದರು. ಅಷ್ಟರೊಳಗೆ ಗ್ರೈಂಡರ್ ಸರಿಯಾಗಬೇಕು. ಶುಕ್ರವಾರದಿಂದ ಪುರುಸೊತ್ತಿಲ್ಲದೆ ಹಾಗೇ ಉಳಿದಿದ್ದ ಡ್ರಮ್ಮನ್ನು ತಂಗಿ ಆಗ ತೊಳೆಯುತ್ತಿದ್ದಳು.

"ತಡಿ, ಕಲ್ಲು ಬಿಚ್ಚಿ ಒಳಗೆ ತೊಳ್ದು ಕೊಡ್ತೀನಿ. ಒಣಗ್ಬೇಕು" ಎಂದಳು.

"ಬಸ್ಸು ಹೋಗ್ತದೆ, ಕೊಡಿಲ್ಲಿ" ಎಂದು ಕಿತ್ತುಕೊಂಡು ಬಾಕ್ಸಿಗೆ ತುಂಬಿದೆ.

"ಅಣ್ಣ, ಒಂದೇ ಸಲ ಹಾಕಿದ್ದು, ನಿಂತೋಯ್ತು ಅಂತ ಇದ್ದದ್ದು ಇದ್ದಂಗೆ ಹೇಳು. ಬುದ್ಧಿವಂತಿಕೆ ತೋರಿಸ್ಬೇಡ."

ಆ ಕೊನೆಯ ಮಾತಿಗೆ ನನಗೆ ಸಿಟ್ಟು ಬಂತು. ಪಿಯುಸಿ ಓದಿದವಳು ನನಗೆ ಹೇಳಿಕೊಡುತ್ತಾಳೆ ಎಂದುಕೊಂಡೆ. ಬಸ್ಸಿನಲ್ಲಿ ಕೂತು ಯೋಚಿಸಿದಾಗ, ಬಳಸೇ ಇಲ್ಲ ಎಂದರೆ ಹೊಸದು ಕೊಟ್ಟೇ ಕೊಡುತ್ತಾನೆ ಎನ್ನಿಸಿತು. ಅದೇ ನನ್ನ ಬುದ್ಧಿವಂತಿಕೆ.

ಅಂಗಡಿಯವನು ಬಿಲ್ಲು ನೋಡಿದ. ಮುಖದ ನಗು ಒಂದು ಕೂದಲಿನಷ್ಟೂ ಅಲುಗಲಿಲ್ಲ. "ಅಣ್ಣಾ, ಇದು ಆಷಾಢದ್ದು. ಬದಲಾಯ್ಸೋದು ಹದಿನೈದು ದಿನ. ಮುಗ್ದೋಯ್ತು."

"ಗೌರಿ ಹಬ್ಬಕ್ಕೆ ಕೊಡೋಕೆ ಅಂತ ತಗೊಂಡಿದ್ದು. ಆಷಾಢದಲ್ಲಿ ಕೊಡೋಕಾಗುತ್ತಾ? ನಿಮಗೇ ಗೊತ್ತಲ್ಲ."

"ನಂಗೊತ್ತು. ಕಂಪ್ನಿಗೆ ಗೊತ್ತಿಲ್ವಲ್ಲ. ಕಂಪ್ನಿಗೆ ಆಷಾಢನೂ ಒಂದೇ, ಶ್ರಾವಣನೂ ಒಂದೇ."

ಕುಕ್ಕರಿನ ರಬ್ಬರು ಕೊಳ್ಳಲು ನಿಂತಿದ್ದ ಒಬ್ಬ ಹೆಂಗಸು ಕಿಸಕ್ಕನೆ ನಕ್ಕರು. ಇನ್ನೂ ಇಬ್ಬರು ಮೂವರು ಇದ್ದರು.

"ಒಂದು ಸಲನೂ ಬಳ್ಸಿಲ್ಲ ಸಾರ್" ಎಂದೆ.

ಅವನು ಗ್ರೈಂಡರನ್ನು ಎತ್ತಿ ಪ್ಲಗ್ ಹಾಕಿದ. ಖಾಲಿ ಡ್ರಮ್ಮು ತಿರುಗಿತು. "ತಿರುಗ್ತಾ ಇದೆಯಲ್ಲ!"

"ಅಕ್ಕಿ ಹಾಕಿದ್ರೆ ನಿಲ್ಲುತ್ತೆ."

"ಬಳಸೇ ಇಲ್ಲ ಅಂದ್ರಿ. ಅಕ್ಕಿ ಹಾಕಿದ್ರೆ ನಿಲ್ಲುತ್ತೆ ಅಂತ ಹೆಂಗೆ ಗೊತ್ತಾಯ್ತು? ಕನಸು ಬಿತ್ತಾ?"

ಎಲ್ಲರೂ ನಕ್ಕರು. ಅವನು ಕಲ್ಲನ್ನು ಎತ್ತಿದ. ಅದರ ಅಡಿಯಲ್ಲಿ, ತಂಗಿಗೆ ತೊಳೆಯಲು ನಾನು ಬಿಡದ ಜಾಗದಲ್ಲಿ, ಉದ್ದಿನ ಹಿಟ್ಟು ಬೆಳ್ಳಗೆ ಕಟ್ಟಿಕೊಂಡು ನಾರುತ್ತಿತ್ತು. ಅವನು ಬೆರಳಲ್ಲಿ ಕೆರೆದು ಎಲ್ಲರಿಗೂ ಕಾಣುವ ಹಾಗೆ ಎತ್ತಿ ಹಿಡಿದ. "ಇದೇನಣ್ಣ, ಫ್ಯಾಕ್ಟ್ರಿಯಿಂದಲೇ ಬಂದಿದ್ದಾ?"

ಮೂವತ್ತು ಅಡಿ ಮರದ ಮೇಲೆ ಕತ್ತಿ ಹಿಡಿದು ನಿಲ್ಲುವವನಿಗೆ ಆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ನಾನು ತಪ್ಪಿಸಿಕೊಳ್ಳಬೇಕಿತ್ತು. ಕೈಗೆ ಸಿಕ್ಕವಳು ತಂಗಿ.

"ನಾನಲ್ಲ ಸಾರ್. ನನ್ನ ತಂಗಿ ಕೆಲಸ ಇದು. ಮೊದಲಿಂದ್ಲೂ ಗಲೀಜು ಅವಳು. ಒಂದು ಪಾತ್ರೆ ನೆಟ್ಟಗೆ ತೊಳೆಯೋಕೆ ಬರಲ್ಲ. ಮೋಟರಿಗೆ ನೀರು ಸುರಿದು ಕೆಡಿಸಿರ್ತಾಳೆ. ಹೋಂಸ್ಟೇಗೆ ಹಿಟ್ಟು ಮಾರ್ತಾಳಂತೆ, ದೊಡ್ಡ ಇವಳು!"

ಅಂಗಡಿಯವನು ನನ್ನ ತಲೆಯ ಮೇಲಿನಿಂದ ಬಾಗಿಲ ಕಡೆ ನೋಡಿದ. ತಿರುಗಿದೆ. ತಂಗಿ ನಿಂತಿದ್ದಳು. ನಾನು ಅವಸರದಲ್ಲಿ ಬಿಟ್ಟು ಬಂದಿದ್ದ ವಾರಂಟಿ ಕಾರ್ಡನ್ನು ಹಿಡಿದು ನನ್ನ ಹಿಂದೆಯೇ ಹೊರಟ ಬಸ್ಸಿಗೆ ಬಂದಿದ್ದಳು.

ಅವಳು ನನ್ನನ್ನು ದಾಟಿ ಒಳಗೆ ಬಂದಳು. ಕುಕ್ಕರಿನ ರಬ್ಬರು ಹಿಡಿದ ಹೆಂಗಸನ್ನು ನೋಡಿ, "ಏನಕ್ಕ, ಪೇಟೆಗೆ ಬಂದಿದ್ರಾ?" ಎಂದಳು. ಆಗ ಗೊತ್ತಾಯಿತು, ಆಕೆ ತಂಗಿಯ ಊರಿನವರೇ. ಆಮೇಲೆ ತಂಗಿ ಕಾರ್ಡನ್ನು ಗಾಜಿನ ಮೇಲಿಟ್ಟು ಇಂಗ್ಲಿಷನ್ನು ಬೆರಳಿಟ್ಟು ಓದಿದಳು. "ಬದಲಾಯ್ಸೋದಕ್ಕೆ ಹದಿನೈದು ದಿನ, ಸರಿ. ಮೋಟರಿಗೆ ಒಂದು ವರ್ಷ ವಾರಂಟಿ ಇದೆ. ನಾನು ಹೊಸದು ಕೇಳ್ತಾ ಇಲ್ಲ. ರಿಪೇರಿ ಮಾಡ್ಸಿಕೊಡಿ."

ಬದಲಾಯಿಸುವುದು ಬೇರೆ, ವಾರಂಟಿ ಬೇರೆ ಎಂದು ನನಗೆ ಆವತ್ತಿನವರೆಗೂ ಗೊತ್ತಿರಲಿಲ್ಲ.

"ಅದು ಮೋಟರ್ ತಾನಾಗೇ ಕೆಟ್ರೆ ಅಮ್ಮ" ಎಂದ ಅಂಗಡಿಯವನು. "ನೀರು ಸುರಿದು ಕೆಡಿಸಿದ್ರೆ ಇಲ್ಲ. ನಾನು ಹೇಳ್ತಾ ಇಲ್ಲಪ್ಪ, ನಿಮ್ಮಣ್ಣನೇ ಹೇಳಿದ್ದು. ಇವರೆಲ್ಲ ಕೇಳಿದಾರೆ."

ತಂಗಿ ನನ್ನ ಕಡೆ ತಿರುಗಿದಳು. "ಹೇಳಣ್ಣ" ಎಂದಳು. ಅಷ್ಟೇ. ಗಟ್ಟಿಯಾಗಿ ಕೂಡ ಹೇಳಲಿಲ್ಲ.

ಸುಳ್ಳು ಹೇಳಿದೆ, ತೊಳೆಯಲು ಬಿಡದೆ ಎತ್ತಿಕೊಂಡು ಬಂದವನು ನಾನು ಎಂದರೆ ಮುಗಿಯುತ್ತಿತ್ತು. ನಾನು ಗೋಡೆಯ ಮೇಲೆ ಸಾಲಾಗಿ ನೇತುಹಾಕಿದ್ದ ಟಾರ್ಚುಗಳನ್ನು ನೋಡುತ್ತ ನಿಂತೆ.

ಅವಳು ಆ ನೋಯುವ ಕೈಯಲ್ಲೇ ಬಾಕ್ಸು ಎತ್ತಿಕೊಂಡಳು. ಹಿಡಿಯಲು ಹೋದೆ. "ಬಿಡು, ಗಲೀಜಾಗ್ತದೆ" ಎಂದಳು.

ಅವಳು ಕಾರ್ಡಿನಲ್ಲಿದ್ದ ನಂಬರಿಗೆ ತಾನೇ ಫೋನು ಮಾಡಿದಳು. ಮೂರು ವಾರ ಬಿಟ್ಟು ಮೈಸೂರಿನಿಂದ ಕಂಪನಿಯವನು ಬಂದು ಬಿಚ್ಚಿ ನೋಡಿ, ನೀರು ಹೋಗಿಲ್ಲ, ಒಳಗಿನ ಒಂದು ಭಾಗ ಮೊದಲಿಂದಲೇ ಸತ್ತಿತ್ತು ಎಂದು ಹೇಳಿ ಬೇರೆ ಹಾಕಿ ಹೋದನಂತೆ. ಗ್ರೈಂಡರ್ ಚೆನ್ನಾಗಿ ರುಬ್ಬುತ್ತಿದೆ ಎಂದು ತಂಗಿಯ ಗಂಡ ಹೇಳಿದರು. ಹೋಂಸ್ಟೇ ಕೆಲಸ ನಿಂತಿದೆ ಎಂದೂ ಹೇಳಿದರು. ಮೂರು ವಾರ ತಡವಾಯಿತಲ್ಲ, ಅದಕ್ಕೇ ನಿಂತಿರಬೇಕು ಎಂದು ನಾನು ಅಂದುಕೊಂಡೆ. ಹಾಗೆ ಅಂದುಕೊಳ್ಳುವುದು ಅನುಕೂಲವಾಗಿತ್ತು. ಹೆಂಡತಿ ಅಂಗಡಿಯವನಿಗೆ ಶಾಪ ಹಾಕಿದಳು, ನಾನೂ ಜೊತೆಗೆ ಹಾಕಿದೆ. ಒಂದು ವರ್ಷ ಹಾಕಿದೆ.

ಈ ವರ್ಷ ಗೌರಿ ಹಬ್ಬಕ್ಕೆ ಮೊರ ಹಿಡಿದು ಹೋದೆ. ತಂಗಿ ಬಾಗಿನ ತೆಗೆದುಕೊಂಡಳು, ಕಾಲಿಗೆ ನಮಸ್ಕಾರ ಮಾಡಿದಳು, ಊಟ ಬಡಿಸಿದಳು. ಒಂದು ಮಾತೂ ಕೂಡಿಸಲಿಲ್ಲ. ಕೈ ತೊಳೆಯಲು ಹಿತ್ತಲಿಗೆ ಹೋದಾಗ ಅವಳ ಅತ್ತೆ ಚೊಂಬು ಕೊಡುತ್ತ ಹೇಳಿದರು, "ಕೈಯಾಗೇ ರುಬ್ಬಿ ಕೊಡ್ತೀನಿ ಅಂತ ಎಲ್ಡನೇ ವಾರನೇ ಹೋಗಿದ್ಲು ಕಣಪ್ಪ. ಬ್ಯಾಡ ಅಂದ್ರಂತೆ. ಒಡಹುಟ್ಟಿದ ಅಣ್ಣನೇ ಗಲೀಜು ಅಂದ್ಮೇಲೆ ಅವಳ ಹಿಟ್ಟು ಯಾರು ತಗೊಂಡಾರು? ಊರಲ್ಲೂ ಯಾರೂ ತಗಳ್ಳಿಲ್ಲ. ಅದೇನು ಬಾಯಪ್ಪ ನಿಂದು?"

ಕೈಯಲ್ಲಿದ್ದ ನೀರು ಕೈಯಲ್ಲೇ ಇತ್ತು. ನನ್ನ ಮೇಲೆ ನನಗೆ ಬಂದ ಸಿಟ್ಟಿಗೆ ಆ ಚೊಂಬನ್ನು ಹಣೆಗೆ ಹೊಡೆದುಕೊಳ್ಳಬೇಕು ಅನ್ನಿಸಿತು. ಬಾಗಿನ ಅಂತ ಒಂದು ಮಿಷೀನು ಕೊಟ್ಟು, ಅದರಿಂದ ಆಗಬೇಕಾದ ಕೆಲಸವನ್ನೇ ಒಂದು ಉಸಿರಿನ ಮಾತಿನಲ್ಲಿ ಕಿತ್ತುಕೊಂಡಿದ್ದೆ.

ಅಲ್ಲಿಂದ ನೇರ ಹೋಂಸ್ಟೇಗೆ ನಡೆದೆ. ಆ ಅಮ್ಮ ಜಗಲಿಯಲ್ಲಿ ಕೂತಿದ್ದರು. ನಾನು ನಿಂತುಕೊಂಡೇ ಎಲ್ಲ ಹೇಳಿದೆ. ಬಳಸಿಲ್ಲ ಎಂದು ಸುಳ್ಳು ಹೇಳಿದ್ದು, ತೊಳೆಯಲು ಬಿಡದೆ ಕಿತ್ತುಕೊಂಡಿದ್ದು, ಗಲೀಜು ಎಂದಿದ್ದು, ಹೇಳಣ್ಣ ಎಂದಾಗ ಟಾರ್ಚು ನೋಡಿದ್ದು. ಅವರು ಸಮಾಧಾನವಾಗಿ ಕೇಳಿದರು.

"ಆಗಲೇ ಬಂದು ಹೇಳಿದ್ರೆ ಅವಳಿಗೇ ಕೊಡ್ತಿದ್ದೆನಲ್ಲ" ಎಂದರು. "ಈಗ ಬೇರೆಯವರು ಕೊಡ್ತಾ ಇದ್ದಾರೆ. ಅವರನ್ನು ಏನು ಹೇಳಿ ಬಿಡಿಸೋದು? ಅವರೇನು ತಪ್ಪು ಮಾಡಿದ್ದಾರೆ?"

ರಸ್ತೆಗೆ ಬಂದು ತಂಗಿಗೆ ಫೋನು ಮಾಡಿದೆ.

"ಹೋಂಸ್ಟೇ ಅಮ್ಮನ ಹತ್ರ ಹೋಗಿದ್ದೆ. ನಾನು ಹೇಳಿದ್ದೆಲ್ಲ ಸುಳ್ಳು ಅಂತ ಹೇಳ್ದೆ."

ಹಿಂದೆ ಗ್ರೈಂಡರ್ ತಿರುಗುವ ಸದ್ದು ಕೇಳುತ್ತಿತ್ತು.

"ಏನಂದ್ರು?"

"ಬೇರೆಯವರಿಗೆ ಕೊಟ್ಟಾಗಿದೆಯಂತೆ."

"ಅಲ್ಲ ಕಣಣ್ಣ, ಆ ಮಾತನ್ನೂ ಹದಿನೈದು ದಿನದೊಳಗೆ ತಂದಿದ್ರೆ ಅವರೂ ತಗೊಳ್ತಿದ್ರು" ಎಂದಳು. ನಗಲಿಲ್ಲ. "ಇಡ್ತೀನಿ. ಹಿಟ್ಟು ತೆಗೀಬೇಕು, ಆಮೇಲೆ ಕಲ್ಲು ತೊಳೀಬೇಕು."